ಬೀದಿಯ ಬುಟ್ಟಿಗೊಂದು ನೆಲೆ

ಮನೆಗೆ ಬೇಕಾದ ಸೊಪ್ಪು, ಹೂವು, ಹಣ್ಣುಗಳಲ್ಲಿ ಎಷ್ಟನ್ನು ನಾವು ಅಂಗಡಿಯಿಂದ ತರುತ್ತೇವೆ, ಎಷ್ಟನ್ನು ಬೀದಿಬದಿಯ ಬುಟ್ಟಿಯಿಂದ ತರುತ್ತೇವೆ ಎಂಬುದನ್ನು ಗೃಹಸ್ಥರು ಒಮ್ಮೆ ಎಣಿಸಿ ನೋಡಬಹುದು. ಬುಟ್ಟಿಯವರಿಂದ ನಮಗಾಗುವ ಉಪಕಾರವು ಅಲ್ಪವಲ್ಲ. ಆದರೂ ನಡೆಯಲು ಎಡೆಯಿಲ್ಲದಾಗ ಮೊದಲು ಅವರನ್ನೇ ದೂರುತ್ತೇವೆ. ಈ ದೂರಿನಲ್ಲಿ ನ್ಯಾಯವೂ ಉಂಟು. ಮುದುಕರೂ ಮಕ್ಕಳೂ ವಾಹನಗಳ ನಡುವೆ ಇಳಿದು ನಡೆಯಬೇಕಾದುದು ಒಪ್ಪತಕ್ಕ ಸಂಗತಿಯಲ್ಲ. ಆದರೆ ತಪ್ಪು ಮಾರುವವರದೋ, ಅವರಿಗೆ ಎಡೆಯನ್ನೇ ಇಡದೆ ಬೀದಿಯನ್ನು ಕಟ್ಟಿದವರದೋ ಎಂಬುದು ವಿಚಾರಾರ್ಹವಾಗಿದೆ.

ಬೀದಿಯ ವ್ಯಾಪಾರವು ಜನರ ನಡಿಗೆಯನ್ನು ಹಿಂಬಾಲಿಸುವುದು. ಬಸ್ಸಿನಿಂದಿಳಿದು ಮನೆಗೆ ಹೋಗುವವರೂ ಗುಡಿಗೆ ಹೊರಟವರೂ ದಾರಿಯಲ್ಲಿ ಸಿಕ್ಕಿದುದನ್ನು ಕೊಳ್ಳುವರೇ ಹೊರತು, ಎರಡು ಮೊಳ ಹೂವಿಗಾಗಿ ದಾರಿ ಬಿಟ್ಟು ಹೋಗುವವರು ವಿರಳ. ಆದುದರಿಂದ ಮಾರುವವರನ್ನು ಎಬ್ಬಿಸಿ, ಜನಸಂಚಾರವಿಲ್ಲದ ಮೂಲೆಯಲ್ಲಿ ಕಟ್ಟಡವನ್ನು ಕಟ್ಟಿಕೊಟ್ಟರೆ ಅದು ಬರಿದಾಗಿ ಉಳಿಯುವುದು. ಸಂಜೆಗೆ ಬಾಡುವ ಸರಕನ್ನು ಹೊತ್ತವರು ಹೊಟ್ಟೆಯಪಾಡಿಗಾಗಿ ಮರಳಿ ಬೀದಿಗೇ ಬರುವರು.

ನಮ್ಮ ದೇಶದ ಕಾನೂನು ಇವರ ಪಕ್ಷವನ್ನೂ ಮನ್ನಿಸಿದೆ. ಬೀದಿಯ ವ್ಯಾಪಾರವು, ತಕ್ಕ ನಿಯಮಗಳಿಗೊಳಪಟ್ಟು, ಸಂವಿಧಾನವಿತ್ತ ವೃತ್ತಿಸ್ವಾತಂತ್ರ್ಯದಲ್ಲಿ ಸೇರಿದುದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪಿತ್ತಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ನೂರಕ್ಕೆ 40 ಮಂದಿಗೆ ಕಡಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು; ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಸ್ಥಳಾಂತರಕ್ಕೆ ಮೊದಲು 30 ದಿನಗಳ ತಿಳುವಳಿಕೆ ಕೊಡಬೇಕು. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ನೆಲದ ಮೇಲೆ ಅದಕ್ಕೆ ಎಡೆಯಿರಬೇಕು.

ಅದು ಸಾಧ್ಯವೆಂಬುದಕ್ಕೆ ದಕ್ಷಿಣ ಆಫ್ರಿಕದ ಡರ್ಬನ್ ಪಟ್ಟಣದಲ್ಲಿ ಒಳ್ಳೆಯ ನಿದರ್ಶನವುಂಟು. ಅಲ್ಲಿಯ ವಾರ್ವಿಕ್ ಜಂಕ್ಷನ್ ಎಂಬುದು ರೈಲು, ಬಸ್ಸು, ಟ್ಯಾಕ್ಸಿಗಳು ಕೂಡುವ ಸ್ಥಳ. ಸಾವಿರಾರು ಬೀದಿ ವ್ಯಾಪಾರಿಗಳಿಗೆ ಜೀವನಾಧಾರ. 1990ರ ದಶಕದ ಉತ್ತರಾರ್ಧದಲ್ಲಿ ನಗರಾಡಳಿತದವರು ಇವರನ್ನು ಓಡಿಸದೆ, ಇವರೊಡನೆ ಕುಳಿತು ಸಮಾಲೋಚಿಸಿದರು. ಉಪಯೋಗವಿಲ್ಲದೆ ನಿಂತಿದ್ದ ಮೇಲ್ಸೇತುವೆಯ ಮೇಲೆ ಗಿಡಮೂಲಿಕೆ ಮಾರುವವರಿಗೆ ಮಳಿಗೆಗಳನ್ನು ಕಟ್ಟಿದರು. ಜನರು ನಡೆಯುವ ದಾರಿಯನ್ನೇ ಅದರೊಡನೆ ಜೋಡಿಸಿದುದರಿಂದ ಅಷ್ಟು ಎತ್ತರದಲ್ಲಿಯೂ ವ್ಯಾಪಾರ ನಿಂತಿತು. ಇಲ್ಲಿಯ ಹಳೆಯ ಮಾರುಕಟ್ಟೆಯನ್ನು ತೆಗೆದು ದೊಡ್ಡ ವ್ಯಾಪಾರ ಸಂಕೀರ್ಣವನ್ನು ಕಟ್ಟುವ ಯೋಜನೆಯು 2009ರಲ್ಲಿ ಬಂದಾಗ ವ್ಯಾಪಾರಿಗಳು ಎದುರಿಸಿ ನಿಂತರು. ಆ ಸಂಕೀರ್ಣವು ಏಳಲಿಲ್ಲ.

ನಮ್ಮ ಬೀದಿಗಳಿಗೂ ಇದೇ ನ್ಯಾಯ. ಮೊದಲು ನಡೆಯುವವರಿಗೆ ಅಡ್ಡಿಯಿಲ್ಲದ ಎಡೆ ಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಸೂಚನೆಯಂತೆ ಅದರ ಅಗಲವು 1.8 ಮೀಟರಿಗೆ ಕಡಮೆಯಾಗಕೂಡದು. ಅದರಾಚೆ, ರಸ್ತೆಯಂಚಿನ ಮರಗಳ ನಡುವೆ, ಬುಟ್ಟಿಗೂ ತಳ್ಳುಗಾಡಿಗೂ ಗುರುತಿಟ್ಟ ಸ್ಥಳವಿರಲಿ. ಬಳಿಯಲ್ಲಿ ನಲ್ಲಿ, ದೀಪ, ಕಸದ ತೊಟ್ಟಿ, ರಾತ್ರಿ ಸರಕನ್ನಿಡಲು ಬೀಗವಿರುವ ಕೋಣೆ ಇರಲಿ. ಎಲ್ಲಕ್ಕಿಂತ ಮುಖ್ಯವಾದುದು ಶೌಚಗೃಹ. ಅದಿಲ್ಲದಿದ್ದರೆ ಬೆಳಗಿನಿಂದ ಸಂಜೆಯ ತನಕ ಕುಳಿತಿರುವ ಹೆಂಗಸು ಬಾಯಾರಿದರೂ ನೀರು ಕುಡಿಯಲು ಹಿಂಜರಿಯುವಳು.

ಇವುಗಳಿಗೆ ಬೇಕಾದ ನೆಲವು ಸ್ವಲ್ಪ. ಆದರೆ ಬೀದಿಯ ನಕ್ಷೆಯನ್ನು ಬರೆಯುವಾಗಲೇ ಅದನ್ನು ಬಿಡಬೇಕು. ತಮ್ಮ ಬೀದಿಯನ್ನು ಹೊಸದಾಗಿ ಕಟ್ಟುವ ಮಾತು ಬಂದಾಗ ವಾಚಕರು ನಕ್ಷೆಯನ್ನು ತರಿಸಿ ನೋಡಲಿ. ಹೂವಿನವಳು ಇದರಲ್ಲಿ ಎಲ್ಲಿ ಕುಳಿತುಕೊಳ್ಳುವಳೆಂದು ಕೇಳಲಿ.