ಕಾಗದದ ಮೇಲೆ ಮರದ ಗೆರೆ

ಹಲಗೆಯೊಂದರ ಮೇಲ್ಮೈಯನ್ನು ನಿದಾನಿಸಿ ನೋಡಿದವರಿಗೆ ಅಲ್ಲಿ ಹರಿದಿರುವ ಗೆರೆಗಳ ಸೊಬಗು ತಿಳಿಯದೆ ಇರದು. ನಾವು ದಿನವೂ ಕುಳಿತೇಳುವ ಬೆಂಚು, ತೆರೆದು ಮುಚ್ಚುವ ಬಾಗಿಲು, ಹಣ್ಣಿನಂಗಡಿಯ ಮುಂದಿನ ಖಾಲಿ ಪೆಟ್ಟಿಗೆ, ಇವೆಲ್ಲವುಗಳಲ್ಲಿಯೂ ಆ ಗೆರೆಗಳಿವೆ. ಅವುಗಳನ್ನು ನೋಡುವ ವ್ಯವಧಾನ ಮಾತ್ರ ನಮಗಿರುವುದಿಲ್ಲ. ಕೈಕಾಗದದ ಶುಭಾಶಯ ಪತ್ರದ ಮೇಲೆ ಬಣ್ಣದಿಂದ ಈ ಗೆರೆಗಳನ್ನು ಮೂಡಿಸುವ ಸರಳವಾದ ಕಲೆಯೊಂದುಂಟು. ಅದನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಗೆರೆಯನ್ನು ಬರೆಯುವ ಮೊದಲು ಅದು ಮರದಲ್ಲಿ ಹೇಗೆ ಬಂದಿತೆಂಬುದನ್ನು ಅರಿಯಬೇಕು. ಮರವು ತನ್ನ ತೊಗಟೆಯ ಒಳಗೆ ಹೊಸ ಹೊಸ ಪದರಗಳನ್ನು ಬೆಳೆಸಿಕೊಳ್ಳುತ್ತ ದಪ್ಪವಾಗುತ್ತದೆ. ತೇಗದಂತಹ ಮರಗಳಲ್ಲಿ ವರ್ಷದ ಬೆಳವಣಿಗೆಯ ಆರಂಭದಲ್ಲಿ ದೊಡ್ಡ ರಂಧ್ರಗಳ ಸಡಿಲವಾದ ಪದರವೂ ಅನಂತರ ಸಣ್ಣ ರಂಧ್ರಗಳ ಬಿಗಿಯಾದ ಪದರವೂ ಹುಟ್ಟುತ್ತವೆ. ಇವೆರಡರ ವ್ಯತ್ಯಾಸವೇ ಉಂಗುರವಾಗಿ ಕಾಣುತ್ತದೆ. ಅನುಕೂಲವಾದ ವರ್ಷದ ಉಂಗುರ ಸಾಮಾನ್ಯವಾಗಿ ಅಗಲವಾಗಿಯೂ ಮಳೆ ಕೈಕೊಟ್ಟ ವರ್ಷದ ಉಂಗುರ ಕಿರಿದಾಗಿಯೂ ಇರುತ್ತದೆ. ದಿಮ್ಮಿಯನ್ನು ಉದ್ದಕ್ಕೆ ಕೊಯ್ದಾಗ ಈ ಉಂಗುರಗಳೇ ಗೆರೆಗಳಾಗುತ್ತವೆ. ಗರಗಸವು ತಿರುಳಿನ ಮೂಲಕ ಹಾದರೆ ಗೆರೆಗಳು ಒಂದರ ಪಕ್ಕಕ್ಕೊಂದು ನೇರವಾಗಿ ನಿಲ್ಲುತ್ತವೆ; ತಿರುಳನ್ನು ಬಿಟ್ಟು ಬದಿಯಲ್ಲಿ ಹಾದರೆ ಗೋಪುರದ ಶಿಖರದಂತೆ ಒಂದರೊಳಗೊಂದು ಕಮಾನುಗಳು ಏಳುತ್ತವೆ. ಗಂಟು ಎಂಬುದು ಕೊಂಬೆಯೊಡೆದ ಗುರುತು. ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ ಗೆರೆಗಳು ಅದನ್ನು ಬಳಸಿ ಸಾಗುತ್ತವೆ. ಎಷ್ಟೇ ಬಳುಕಿದರೂ ಒಂದು ಗೆರೆ ಇನ್ನೊಂದನ್ನು ದಾಟುವುದಿಲ್ಲ. ಈ ಒಂದು ನಿಯಮವನ್ನು ಮರೆತರೆ ಎಂತಹ ಒಳ್ಳೆಯ ಬಣ್ಣವೂ ಮರವೆನಿಸಿಕೊಳ್ಳಲಾರದು.

ಇನ್ನು ಕಾಗದದ ವಿಚಾರ. ಕೈಕಾಗದವನ್ನು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಹತ್ತಿ ಬಟ್ಟೆಯ ಚಿಂದಿಯಿಂದ ಮಾಡುತ್ತಾರೆ. ಚಿಂದಿಯನ್ನು ನೀರಿನಲ್ಲಿ ಅರೆದು, ಆ ತಿಳಿಯಾದ ಮುದ್ದೆಯನ್ನು ಜರಡಿಯಲ್ಲಿ ಎತ್ತಿ, ಒತ್ತಿ, ಒಣಗಿಸುತ್ತಾರೆ. ಜಯಪುರದ ಬಳಿಯ ಸಾಂಗಾನೇರ್ ಈ ಕೆಲಸಕ್ಕೆ ಹೆಸರಾಗಿದೆ. 1934ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಈ ಕಸುಬಿಗೆ ಹೊಸ ಜೀವವನ್ನು ತುಂಬಲು ಶ್ರಮಿಸಿತು. ಆದುದರಿಂದ ಇಂತಹ ಪತ್ರದ ಮೇಲೆ ಮರದ ರೂಪವಿದ್ದರೂ ಅದರ ಸಲುವಾಗಿ ಯಾವ ಮರವೂ ಉರುಳಿರುವುದಿಲ್ಲ.

ಮಾಡುವ ಕ್ರಮ ಹೀಗಿದೆ. ಒಂದು ಪಾಲು ಮೈದಾ ಹಿಟ್ಟನ್ನು ನಾಲ್ಕೈದು ಪಾಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಬೇಯಿಸಿ, ಆರಿದ ಮೇಲೆ ಸೋಸಿ ಇಟ್ಟುಕೊಳ್ಳಬೇಕು. ಕೈಕಾಗದವು ನೀರನ್ನು ಬೇಗನೆ ಹೀರುವುದರಿಂದ ಮೊದಲು ತೆಳುವಾದ ಅಂಟಿನಲ್ಲಿ ತಿಳಿಹಳದಿ ಬಣ್ಣವನ್ನು ಕಲಸಿ ಬಳಿದು, ಪೂರ್ತಿಯಾಗಿ ಒಣಗಲು ಬಿಡಬೇಕು. ಇದೇ ನೆಲಬಣ್ಣ. ಅನಂತರ ಗಟ್ಟಿಯಾದ ಅಂಟಿಗೆ ಕಂದು ಬಣ್ಣವನ್ನೂ ಎಳ್ಳಷ್ಟು ಕಪ್ಪನ್ನೂ ಬೆರೆಸಿ ಅದರ ಮೇಲೆ ಹರಡಬೇಕು. ದಪ್ಪ ರಟ್ಟಿನ ತುಂಡಿಗೆ ಹಲ್ಲುಗಳನ್ನು ಕತ್ತರಿಸಿದರೆ ಬಾಚಣಿಗೆ ಸಿದ್ಧವಾಯಿತು. ಹಲ್ಲುಗಳು ಒಂದೇ ಅಳತೆಯಲ್ಲಿರಬಾರದು. ಮರದ ವರ್ಷಗಳು ಒಂದೇ ಸಮನಾಗಿರಲಿಲ್ಲವಷ್ಟೆ. ಬಣ್ಣ ಹಸಿಯಾಗಿರುವಾಗಲೇ ಈ ಬಾಚಣಿಗೆಯನ್ನು ಪತ್ರದ ಉದ್ದಕ್ಕೂ ಒಂದೇ ಎಳೆತದಲ್ಲಿ ಎಳೆಯಬೇಕು. ಗಂಟು ಬೇಕೆನಿಸಿದ ಎಡೆಯನ್ನು ಎರಡು ಕಡೆಯಿಂದಲೂ ಬಳಸಿ ಬಂದು, ನಡುವೆ ಬೆರಳ ತುದಿಯನ್ನು ಒತ್ತಿ ತಿರುಗಿಸಿದರೆ ಸಾಕು. ಗೆರೆ ಕೆಟ್ಟರೆ ಕುಂಚದಿಂದ ಸಮಮಾಡಿ ಮತ್ತೊಮ್ಮೆ ಎಳೆಯಬಹುದು. ಒಣಗಿದ ಪತ್ರವು ಸುರುಳಿಯಾಗದಂತೆ ಒಂದು ರಾತ್ರಿ ದಪ್ಪ ಪುಸ್ತಕಗಳ ಕೆಳಗಿಟ್ಟು ಅನಂತರ ಮಡಿಸುವುದು ಒಳ್ಳೆಯದು. ಬೀಟೆಯ ಮರವನ್ನು ತೋರಬೇಕಾದರೆ ನೆಲಬಣ್ಣವು ಕೆಂಗಂದಾಗಿಯೂ ಮೇಲಿನದು ಕಪ್ಪಿಗೆ ಸಮೀಪವಾಗಿಯೂ ಇರಲಿ.

ಇದು ಮೋಸದ ವಿದ್ಯೆಯಲ್ಲವೇ ಎಂದು ಕೇಳುವವರುಂಟು. ಅಗ್ಗದ ಮರಕ್ಕೆ ಬಣ್ಣ ಬಳಿದು ಬೆಲೆಬಾಳುವ ಮರವೆಂದು ಮಾರಿದರೆ ಅದು ಮೋಸವೇ ಸರಿ. ಆದರೆ ಇಂಗ್ಲೆಂಡಿನ ಥಾಮಸ್ ಕೆರ್ಷಾ ಎಂಬ ಬಣ್ಣಗಾರನು ಇದನ್ನೇ ಮರೆಮಾಚದೆ ಮಾಡಿ, 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಪದಕವನ್ನು ಪಡೆದನು. ಮನೆಗಳಿಗೆ ಬಣ್ಣ ಹಾಕುವ ಕೆಲಸದಲ್ಲಿಯೇ ಪಳಗಿದ್ದ ಫ್ರಾನ್ಸಿನ ಚಿತ್ರಕಾರ ಜಾರ್ಜ್ ಬ್ರಾಕ್ 1912ರಲ್ಲಿ ಮರದ ಗೆರೆಯನ್ನು ಅಚ್ಚುಮಾಡಿದ ಗೋಡೆಕಾಗದವನ್ನು ಕತ್ತರಿಸಿ ತನ್ನ ಚಿತ್ರಕ್ಕೆ ಅಂಟಿಸಿದನು. ಅದು ಕಾಗದವೆಂಬುದನ್ನು ಅವನು ಅಡಗಿಸಲಿಲ್ಲ. ಕೈಯಲ್ಲಿ ಹಿಡಿದೊಡನೆ ಕಾಗದವೆಂದು ತಿಳಿಯುವ ನಮ್ಮ ಪತ್ರವೂ ಯಾರನ್ನೂ ವಂಚಿಸದು.

ಇದರ ನಿಜವಾದ ಲಾಭ ಬೇರೆಯೇ ಇದೆ. ನಗರದಲ್ಲಿ ಬೆಳೆಯುವ ನಾವು ಅನೇಕ ಮರಗಳನ್ನು ಹಲಗೆಯ ರೂಪದಲ್ಲಿಯೇ ಮೊದಲು ಕಾಣುತ್ತೇವೆ. ಅದು ಒಮ್ಮೆ ಬಿಸಿಲು ಮಳೆಗಳನ್ನುಂಡು ನಿಂತಿದ್ದ ಜೀವವೆಂಬ ನೆನಪು ನಮಗೆ ಬರುವುದಿಲ್ಲ. ಹತ್ತು ಗೆರೆಗಳನ್ನು ಕೈಯಾರೆ ಎಳೆದವನು ಮಾತ್ರ ಬೆಂಚಿನ ಮೇಲಿನ ಕಿರಿದಾದ ಗೆರೆಯಲ್ಲಿ ಒಂದು ಬರಗಾಲವನ್ನೂ ಗಂಟಿನಲ್ಲಿ ಒಂದು ಕೊಂಬೆಯನ್ನೂ ಗುರುತಿಸಬಲ್ಲನು. ಹಾಗೆ ಗುರುತಿಸಿದವನಿಗೆ ಆ ಬೆಂಚಿನ ಮೇಲೆ ಕೈವಾರದ ಮೊನೆಯಿಂದ ಹೆಸರನ್ನು ಕೊರೆಯಲು ಮನಸ್ಸು ಬಾರದು.