ಏಳು ನಿಮಿಷದ ಮಾರಿಯೋಗೆ ಸಾಕ್ಷಿ ಯಾರು?

ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಹಳ್ಳಿಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡದವರು ಯಾರಿದ್ದಾರೆ? ಎರಿ ಹೊಲ, ಜೋಡೆತ್ತು, ಖಾಲಿ ಗಾಡಾ, ಗಡಿಯಾರ ಹಿಡಿದು ನಿಂತ ಕಮಿಟಿಯವರು. ಸೀಟಿ ಊದಿದ್ದೇ ತಡ, ಎತ್ತು ಹಾರುತ್ತವೆ. ನಿಮಿಷ ಮುಗಿಯಿತೆಂದರೆ ಇನ್ನೊಂದು ಸೀಟಿ. ಅಷ್ಟರೊಳಗೆ ಎಷ್ಟು ಅಡಿ ಹೋದವು ಎಂಬುದನ್ನು ಅಳೆದು, ಮೈಕಿನಲ್ಲಿ ಕೂಗಿ, ಬೋರ್ಡಿನ ಮೇಲೆ ಬರೆಯುತ್ತಾರೆ. ಒಂದು ಅಡಿಗೂ ಜಗಳ ಬರುವುದುಂಟು. ಜಗಳ ಬಂದರೆ ಹಿರಿಯರು ಕೂತು ಹರಿಸುವುದೂ ಉಂಟು.

ಎತ್ತು ಎಷ್ಟೇ ಛಲೋ ಇರಲಿ, ಅಳೆಯುವವರೂ ನೋಡುವವರೂ ಇಲ್ಲದಿದ್ದರೆ ಅದು ಹೊಲಕ್ಕೆ ಹೋಗಿ ಬಂದ ಎತ್ತು, ಅಷ್ಟೇ!

ಈ ಮಾತು ಇಲ್ಲೇಕೆ ಬಂತು? ವಾಚಕರೇ, ಟಿವಿ ವಿಡಿಯೋ ಗೇಮಿನಲ್ಲಿಯೂ ಇಂಥದೇ ಒಂದು ಓಟ ಜಗತ್ತಿನ ತುಂಬ ನಡೆದಿದೆ. ಅದಕ್ಕೆ ಸ್ಪೀಡ್‌ರನ್ ಎನ್ನುತ್ತಾರೆ. ಆಟವನ್ನು ಬರೀ ಗೆದ್ದರೆ ಸಾಲದು, ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಮುಗಿಸಬೇಕು. ಅದರಲ್ಲೂ ಹಳೇ ಕ್ಯಾಸೆಟ್ ಆಟಗಳಿಗೆ ಮಾನ ಹೆಚ್ಚು. ನಮ್ಮ ತಾಲೂಕುಗಳಲ್ಲಿ ಈ ಆಟ ಆಡಿ ಬೆಳೆದ ಹುಡುಗರಿಗೇನು ಬರವಿಲ್ಲ. ಆದರೆ ಗಡಿಯಾರ ಹಿಡಿಯುವ ಕಮಿಟಿಯೇ ಹುಟ್ಟಲಿಲ್ಲ.

ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿ

ನನ್ನದೇ ಕತೆ ಕೇಳಿರಿ. 2003ರ ಸುಮಾರಿನ ಮಾತು. ತಾಲೂಕಿನ ಬಸ್‌ಸ್ಟ್ಯಾಂಡ್ ಹಿಂದೆ ಒಂದು ತಗಡಿನ ಅಂಗಡಿ. ಒಳಗೆ ಎರಡು ಡಬ್ಬಾ ಟಿವಿ, ಎರಡು ಆಟದ ಯಂತ್ರ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಯಂತ್ರದ ನಕಲುಗಳು ಆಗ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ಕ್ಯಾಸೆಟ್ಟಿನ ಮೇಲೆ "9999 ಇನ್ ಒನ್" ಎಂದು ಬರೆದಿದ್ದರೂ ಒಳಗಿನ ಆಟ ಬೆರಳೆಣಿಕೆಯಷ್ಟು. ಗಂಟೆಗೆ ಐದು ರೂಪಾಯಿ ಬಾಡಿಗೆ. ರೊಕ್ಕ ಉಳಿಸಬೇಕೆಂದರೆ ಆಟ ಲಗೂನ ಮುಗಿಸಬೇಕು!

ಒಂದು ಮಧ್ಯಾಹ್ನ ನಾನು ಏಳು ನಿಮಿಷದಲ್ಲಿ ಮಾರಿಯೋ ಮುಗಿಸಿ ರಾಜಕುಮಾರಿಯನ್ನು ಬಿಡಿಸಿದೆ. ಗೋಡೆಯ ಮೇಲಿನ ಗಡಿಯಾರ ನಾನೇ ನೋಡಿದ್ದೆ. ಹೊರಗೆ ಓಡಿ ಬಂದು ಗೆಳೆಯರಿಗೆ ಹೇಳಿದರೆ, "ಯಾರ ನೋಡ್ಯಾರಲೇ? ನಿಂದ ನೀನ ನೋಡಿದ್ರ ಆತೇನ?" ಎಂದು ನಕ್ಕರು. ಅಂಗಡಿಯವನೂ, "ನಾ ಚಹಾ ಕುಡಿಯಾಕ ಹೋಗಿದ್ನೆಪಾ" ಎಂದುಬಿಟ್ಟ. ಅಲ್ಲಿಗೆ ನನ್ನ ದಾಖಲೆ ಮಣ್ಣುಪಾಲು. ಮುಂದೆ ಪಿಯುಸಿ ಅರ್ಧಕ್ಕೆ ಬಿಟ್ಟೆ, ಪತ್ರಿಕೆ ಸೇರಿದೆ. ಆದರೂ ಆ ಏಳು ನಿಮಿಷ ಮನಸ್ಸಿನಿಂದ ಹೋಗಲಿಲ್ಲ.

ಐದು ನಿಮಿಷದ ಒಳಗೆ

ಸೂಪರ್ ಮಾರಿಯೋ ಬ್ರದರ್ಸ್ ಆಟ ಬಂದದ್ದು 1985ರಲ್ಲಿ. ಅದರಲ್ಲಿ 32 ಹಂತಗಳಿವೆ. ಕಳ್ಳದಾರಿಯ ಕೊಳವೆ ಹಿಡಿದರೆ ಎಂಟೇ ಹಂತದಲ್ಲಿ ಕೊನೆ ಮುಟ್ಟಬಹುದು. 2021ರಲ್ಲಿ ನಿಫ್ಟ್‌ಸ್ಕಿ ಎಂಬ ಹೆಸರಿನಲ್ಲಿ ಆಡುವ ಅಮೆರಿಕೆಯ ಆಟಗಾರನೊಬ್ಬ ಇದನ್ನು 4 ನಿಮಿಷ 54.948 ಸೆಕೆಂಡಿನಲ್ಲಿ ಮುಗಿಸಿದ. 4 ನಿಮಿಷ 55 ಸೆಕೆಂಡಿನ ಗೆರೆ ದಾಟಿದ ಮೊದಲಿಗ ಅವನೇ. ಆಮೇಲೆ ಆ ದಾಖಲೆಯೂ ಮುರಿದಿದೆ. ಆದರೆ ಮುರಿದದ್ದು ಸೆಕೆಂಡಿನ ತುಣುಕುಗಳಲ್ಲಿ!

ತುಣುಕಿಗೆ ಇಷ್ಟೇಕೆ ಬೆಲೆ? ಈ ಆಟದಲ್ಲಿ ಒಂದು ವಿಚಿತ್ರ ಕಟ್ಟಳೆ ಇದೆ. ಹಂತ ಮುಗಿಸಿದ ತಕ್ಷಣ ಮುಂದಿನದು ತೆರೆಯುವುದಿಲ್ಲ. ಪರದೆಯ ಮೇಲೆ 21 ಚಿತ್ರ ಮೂಡುವುದು ಒಂದು ಪಾಳಿ. ಆ ಪಾಳಿ ತುಂಬಿದಾಗಲೇ ಬಾಗಿಲು ತೆಗೆಯುತ್ತದೆ. ಪಂಪ್‌ಸೆಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತ್ರೀಫೇಸ್ ಬರುವ ಹತ್ತು ನಿಮಿಷ ಮೊದಲೇ ಹೊಲಕ್ಕೆ ಹೋದರೂ, ಒಂದೇ ನಿಮಿಷ ಮೊದಲು ಹೋದರೂ ಮೋಟರ್ ಸುರುವಾಗುವುದು ಕರೆಂಟು ಬಂದಾಗಲೇ. ಹಾಗೆಯೇ ಇಲ್ಲಿಯೂ ಕೂದಲೆಳೆಯಷ್ಟು ಬೇಗ ಬಂದರೆ ಲಾಭವಿಲ್ಲ. ಒಂದು ಇಡೀ ಪಾಳಿ ಮೊದಲು ಬಂದರೆ ಮಾತ್ರ ಲಾಭ. ಕೊನೆಯ ಹಂತಕ್ಕೆ ಮಾತ್ರ ಈ ಕಟ್ಟಳೆ ಇಲ್ಲ. ಒಂದು ಪಾಳಿ ಎಂದರೆ ಸೆಕೆಂಡಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಅದನ್ನು ಗೆಲ್ಲಲು ವರ್ಷಗಟ್ಟಲೆ ಬೆರಳು ಸವೆಸಿದವರಿದ್ದಾರೆ.

ನಮ್ಮ ಕರೆಂಟಿನ ಲೆಕ್ಕ

ಇಲ್ಲಿಯೇ ನಮ್ಮ ಹುಡುಗರಿಗೆ ಗೊತ್ತಿಲ್ಲದಂತೆ ಒಂದು ಅನ್ಯಾಯವಾಗಿದೆ. ಟಿವಿಯ ಚಿತ್ರ ಸೆಕೆಂಡಿಗೆ ಇಂತಿಷ್ಟು ಸಲ ಎಂದು ಹೊಸದಾಗಿ ಮೂಡುತ್ತದೆ. ಅಮೆರಿಕೆಯಲ್ಲಿ ಕರೆಂಟು ಸೆಕೆಂಡಿಗೆ 60 ಸುತ್ತು, ಅದಕ್ಕೆ ಹೊಂದಿಸಿ ಅಲ್ಲಿಯ ಟಿವಿಗೂ 60. ಯುರೋಪಿನಲ್ಲಿಯೂ ನಮ್ಮಲ್ಲಿಯೂ ಕರೆಂಟು 50 ಸುತ್ತು. ಅದೇ ಲೆಕ್ಕದ ಮೇಲೆ ಹುಟ್ಟಿದ ಪಾಲ್ ಪದ್ಧತಿಯ ಟಿವಿ ನಮ್ಮದು, ಅದಕ್ಕೆ 50. ಮಾರಿಯೋ ಹೆಜ್ಜೆ ಇಡುವುದು ಚಿತ್ರದ ಲೆಕ್ಕದಲ್ಲಿ. ಹೀಗಾಗಿ 60ಕ್ಕೆ ಬರೆದ ಆಟವನ್ನು ಹಾಗೆಯೇ 50ರ ಯಂತ್ರದಲ್ಲಿ ಹಾಕಿದರೆ ಮಾರಿಯೋ ನಿಧಾನವಾಗುತ್ತಾನೆ. ಅಮೆರಿಕೆಯಲ್ಲಿ 4 ನಿಮಿಷ 55 ಸೆಕೆಂಡಿಗೆ ಮುಗಿಯುವ ಓಟ, ಅದೇ ಗುಂಡಿ ಅದೇ ತಾಳದಲ್ಲಿ ಒತ್ತಿದರೂ, ಇಲ್ಲಿ ಸುಮಾರು 5 ನಿಮಿಷ 54 ಸೆಕೆಂಡು. ಹತ್ತಿರ ಹತ್ತಿರ ಒಂದು ಇಡೀ ನಿಮಿಷ ನಷ್ಟ!

ಅಂದರೆ ಅಂಗಡಿಯ ಯಂತ್ರ 50ರದಾಗಿದ್ದರೆ ನನ್ನ ಏಳು ನಿಮಿಷ ನಿಜಕ್ಕೂ 5 ನಿಮಿಷ 50 ಸೆಕೆಂಡಿನ ಆಟ. ಫಿಜಿಕ್ಸ್ ಪುಸ್ತಕದಲ್ಲಿ ತಲೆಗೆ ಹತ್ತದ ಹರ್ಟ್ಸ್ ಎಂಬ ಶಬ್ದ ಕೊನೆಗೂ ನನಗೆ ತಿಳಿದದ್ದು ಹೀಗೆ.

ಈ ತೊಡಕಿಗೆ ಸ್ಪೀಡ್‌ರನ್ ಮಂದಿ ಒಂದು ಹಾದಿ ಕಂಡುಕೊಂಡಿದ್ದಾರೆ. ಎರಡು ಹಲ್ಲಿನ ಎತ್ತು ಬೇರೆ, ಬಾಯಿ ಕೂಡಿದ ಎತ್ತು ಬೇರೆ ಎನ್ನುವಂತೆ 60ರ ಆಟ ಬೇರೆ, 50ರ ಆಟ ಬೇರೆ. ಕಳ್ಳದಾರಿ ಹಿಡಿದವರದು ಒಂದು ಪಟ್ಟಿ, 32 ಹಂತವನ್ನೂ ಆಡಿದವರದು ಇನ್ನೊಂದು. ಆಟದೊಳಗಿನ ದೋಷ ಬಳಸಿ ಗೋಡೆಯ ಸಂದಿಯಲ್ಲಿ ನುಗ್ಗಬಹುದು, ಆದರೆ ಯಂತ್ರವನ್ನಾಗಲಿ ಕ್ಯಾಸೆಟ್ಟನ್ನಾಗಲಿ ತಿದ್ದುವಂತಿಲ್ಲ. ಇದಾವುದೂ ಕಂಪನಿ ಮಾಡಿದ ಕಾಯಿದೆಯಲ್ಲ. ಆಡುವವರೇ ಕೂಡಿ, ವಾದಿಸಿ ಮಾಡಿಕೊಂಡ ಕಟ್ಟಳೆ.

35 ವರ್ಷದ ಬಣ್ಣ ಬಯಲು

ಸಾಕ್ಷಿ ಗಟ್ಟಿಯಿಲ್ಲದಿದ್ದರೆ ಏನಾಗುತ್ತದೆ? ಡ್ರ್ಯಾಗ್‌ಸ್ಟರ್ ಎಂಬುದು 1980ರ ಕಾರಿನ ಆಟ. ಟಾಡ್ ರೋಜರ್ಸ್ ಎಂಬ ಅಮೆರಿಕನ್ 1982ರಲ್ಲಿ ಅದನ್ನು 5.51 ಸೆಕೆಂಡಿನಲ್ಲಿ ಮುಗಿಸಿದ್ದಾಗಿ ಹೇಳಿಕೊಂಡ. ದಾಖಲೆ ಪುಸ್ತಕದಲ್ಲಿಯೂ ಅದು ಸೇರಿತು. 2017ರಲ್ಲಿ ಎರಿಕ್ ಕೋಜಿಯಲ್ ಎಂಬ ಆಟಗಾರ ಆಟದ ಒಳಗಿನ ಲೆಕ್ಕವನ್ನೆಲ್ಲ ಬಿಡಿಸಿ ನೋಡಿ, ಎಷ್ಟೇ ಚೆನ್ನಾಗಿ ಆಡಿದರೂ 5.57ಕ್ಕಿಂತ ಕೆಳಗೆ ಬರಲು ಸಾಧ್ಯವಿಲ್ಲ ಎಂದು ತೋರಿಸಿದ. 2018ರ ಜನವರಿಯಲ್ಲಿ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ ರೋಜರ್ಸನ ಎಲ್ಲ ದಾಖಲೆಗಳನ್ನೂ ಹೊಡೆದುಹಾಕಿತು. ಸುಳ್ಳು 35 ವರ್ಷ ಬಾಳಿದ್ದು ಬರೀ ನಂಬಿಕೆಯ ಮೇಲೆ!

ಅದಕ್ಕೇ ಈಗ ಆಡಿದ್ದನ್ನು ಮೊದಲಿಂದ ಕೊನೆಯವರೆಗೆ ಚಿತ್ರೀಕರಿಸಿ ಕೊಡಬೇಕು. ಬಲ್ಲವರು ಒಂದೊಂದೇ ಚಿತ್ರ ಎಣಿಸಿ ಪಾಸು ಮಾಡುತ್ತಾರೆ. ಈ ಪದ್ಧತಿಯ ಬೇರು ಡೂಮ್ ಎಂಬ ಕಂಪ್ಯೂಟರ್ ಆಟದಲ್ಲಿದೆ. ಆ ಆಟ ತನ್ನ ಓಟವನ್ನು ತಾನೇ ಬರೆದಿಟ್ಟುಕೊಳ್ಳುತ್ತಿತ್ತು. 1994ರಲ್ಲಿ ಕ್ರಿಸ್ಟಿನಾ ನಾರ್ಮನ್ ಅಂಥ ಓಟಗಳನ್ನು ಒಂದೆಡೆ ಕೂಡಿಸಿ ಪಟ್ಟಿ ಕಟ್ಟಿದಳು. ಪಟ್ಟಿ ಬಂದ ಮೇಲೆ ಮಂದಿ ಬಂದರು, ಮಂದಿ ಬಂದ ಮೇಲೆ ದಾಖಲೆ ಮುರಿದವು.

ಒಂದು ಮನೆಯ ನೆಲಮಾಳಿಗೆಯಿಂದ

2010ರ ಜನವರಿಯಲ್ಲಿ ಅಮೆರಿಕದ ಇಂಥ ಕೆಲವು ಆಟಗಾರರು ಮೈಕ್ ಉಯಾಮಾ ಎಂಬವನ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ಕೂಡಿದರು. ಹಗಲು ರಾತ್ರಿ ಹಳೇ ಆಟಗಳನ್ನು ವೇಗವಾಗಿ ಆಡಿ ಜನರಿಗೆ ತೋರಿಸಿ, ಕೇರ್ ಎಂಬ ಸೇವಾ ಸಂಸ್ಥೆಗೆ 10,000 ಡಾಲರಿಗಿಂತ ಹೆಚ್ಚು ದೇಣಿಗೆ ಎತ್ತಿದರು. ಗೇಮ್ಸ್ ಡನ್ ಕ್ವಿಕ್ ಎಂಬ ಆ ಜಾತ್ರೆ ಈಗ ದೊಡ್ಡ ಸಭಾಂಗಣಗಳಲ್ಲಿ ನಡೆಯುತ್ತದೆ. ಕ್ಯಾನ್ಸರ್ ತಡೆ, ಗಡಿರಹಿತ ವೈದ್ಯರು ಮುಂತಾದ ಕೆಲಸಗಳಿಗೆ ಎತ್ತಿದ ಒಟ್ಟು ಹಣ ಐದು ಕೋಟಿ ಡಾಲರ್ ದಾಟಿದೆ.

ನಮ್ಮಲ್ಲಿ? ಗೇಮ್ ಅಂದರೆ ಹಳ್ಳಿಯ ತಾಯಂದಿರು ಬೆಚ್ಚಿಬೀಳುತ್ತಾರೆ. ಮೊಬೈಲ್ ರಮ್ಮಿಗೆ ಬಿದ್ದು ರೊಕ್ಕ ಕಳಕೊಂಡವರನ್ನು ಕಣ್ಣಾರೆ ಕಂಡವರು ಅವರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದೇ ಕಾಯಿದೆ ಇ-ಸ್ಪೋರ್ಟ್ಸ್ ಎಂಬ ಪಂದ್ಯಗಳಿಗೆ ಮಾನ್ಯತೆಯನ್ನೂ ಕೊಟ್ಟಿದೆ ಎಂಬುದು ಗಮನಾರ್ಹ. ಬಾಗಿಲು ಮುಚ್ಚಿ ಒಬ್ಬನೇ ಕೂತು ಹಣ ಸುರಿಯುವುದು ಬೇರೆ, ನಾಲ್ಕು ಮಂದಿಯ ಎದುರು ಕೂತು ತಾಳ್ಮೆಯಿಂದ ಒಂದು ಸೆಕೆಂಡು ಉಳಿಸುವುದು ಬೇರೆ. ಇದರಲ್ಲಿ ಸೋತರೆ ಹೋಗುವುದು ಸಮಯ ಮಾತ್ರ. ಅದೂ ಮಿತಿಯಲ್ಲಿರಬೇಕು, ಆ ಮಾತು ಬೇರೆ.

ಮೋಡಕಾಕ್ಕೆ ಹಾಕಬೇಡಿ

ಇದಕ್ಕೆ ಬೇಕಾದದ್ದಾದರೂ ಎಷ್ಟು? ಒಂದು ಹಳೇ ಆಟದ ಯಂತ್ರ, ಒಂದು ಡಬ್ಬಾ ಟಿವಿ, ಚಿತ್ರೀಕರಿಸಲು ಒಂದು ಮೊಬೈಲು. ಗುಂಡಿ ಒತ್ತಿದ್ದು ಪರದೆಯ ಮೇಲೆ ತಡವಿಲ್ಲದೆ ಕಾಣುತ್ತದೆಂದು ಡಬ್ಬಾ ಟಿವಿಯನ್ನು ಈ ಓಟಗಾರರು ಇಂದಿಗೂ ಹುಡುಕಿ ಒಯ್ಯುತ್ತಾರೆ. ನಾವು ಅದನ್ನೇ ಮೋಡಕಾದವನಿಗೆ ಕೊಟ್ಟು ಉಳ್ಳಾಗಡ್ಡಿ ತಗೊಂಡಿದ್ದೇವೆ!

ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಗಳಿವೆ, ಯುವಕ ಮಂಡಳಗಳಿವೆ. ರವಿವಾರಕ್ಕೆ ಎರಡು ತಾಸು ಒಂದು ಮೂಲೆ ಬಿಟ್ಟುಕೊಟ್ಟರೆ ಸಾಕು. ಗೋಡೆಗೆ ಒಂದು ಕರಿ ಹಲಗೆ. ಅದರ ಮೇಲೆ ಹೆಸರು, ಆಟ, 50ರದೋ 60ರದೋ, ನಿಮಿಷ, ಸೆಕೆಂಡು, ಪಕ್ಕದಲ್ಲಿ ನೋಡಿದ ಇಬ್ಬರ ಸಹಿ. ಮೊದಲ ದಿನ ನಾಲ್ಕೇ ಹುಡುಗರು ಬಂದರೂ ಚಿಂತೆಯಿಲ್ಲ. ಗಾಡಾ ಓಟಕ್ಕೆ ಕಮಿಟಿ ಕಟ್ಟಲು ಬಲ್ಲ ಹಿರಿಯರಿಗೆ ಇದು ಎಷ್ಟರ ಕೆಲಸ?

ನನ್ನ ಏಳು ನಿಮಿಷವಂತೂ ಹೋಯಿತು. ಆ ತಗಡಿನ ಅಂಗಡಿಯೂ ಈಗಿಲ್ಲ. ನಾಳೆ ಇನ್ನೊಬ್ಬ ಹುಡುಗ ಹೊರಗೆ ಓಡಿ ಬಂದು "ಮುಗಿಸಿದ್ನೆಪೋ!" ಎಂದು ಕೂಗಿದಾಗ "ಹೌದಪಾ, ನಾವು ನೋಡೇವಿ" ಎನ್ನುವವರು ಇಬ್ಬರಾದರೂ ಇರಲಿ.

ಸಂಬಂಧಪಟ್ಟವರು ಮನಸ್ಸು ಮಾಡುವರೇ?