ಮುಂಬಯಿಯ ಭೂರಚನೆ, ಹವಾಮಾನ ಮತ್ತು ನಮ್ಮ ಸರಕು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹತ್ತಿ ಮತ್ತು ತೊಗರಿಗೆ ಮುಂಬಯಿ ಹಳೆಯ ಮಾರುಕಟ್ಟೆ. ಕೊಂಕಲ್‌ನಂಥ ಗ್ರಾಮಗಳಿಂದ ದುಡಿಮೆಗಾಗಿ ಹೊರಡುವವರಿಗೂ ಆ ನಗರ ಅಪರಿಚಿತವಲ್ಲ. ಆದರೂ ಮಳೆಗಾಲದಲ್ಲಿ ಅಲ್ಲಿಗೆ ಸರಕು ಕಳುಹಿಸಿ ಕೈಸುಟ್ಟುಕೊಳ್ಳುವ ವರ್ತಕರಿದ್ದಾರೆ. ಇದಕ್ಕೆ ಮಾರುಕಟ್ಟೆಯ ಏರಿಳಿತಕ್ಕಿಂತ ಆ ನಗರದ ನೆಲ ಮತ್ತು ನೀರೇ ಹಲವು ಬಾರಿ ಕಾರಣವಾಗಿರುತ್ತವೆ.

ಇಂದಿನ ಮುಂಬಯಿ ನಗರ ಭಾಗವು ಮೂಲತಃ ಕೊಲಾಬಾ, ಮಝಗಾಂವ್, ಪರೇಲ್, ವರಳಿ, ಮಾಹಿಮ್ ಮೊದಲಾದ ಏಳು ದ್ವೀಪಗಳ ಗುಂಪು. 1661ರ ವಿವಾಹ ಒಪ್ಪಂದದ ಮೂಲಕ ಪೋರ್ಚುಗೀಸರಿಂದ ಇಂಗ್ಲೆಂಡಿನ ದೊರೆಗೂ, 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ಇದು ಹಸ್ತಾಂತರಗೊಂಡಿತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ದ್ವೀಪಗಳ ನಡುವಿನ ಉಪ್ಪುನೀರಿನ ತಗ್ಗುಗಳನ್ನು ಒಡ್ಡು ಕಟ್ಟಿ, ಮಣ್ಣು ತುಂಬಿ ಒಂದುಗೂಡಿಸಲಾಯಿತು. ಹೀಗೆ ತುಂಬಿದ ನೆಲ ಇಂದಿಗೂ ತಗ್ಗಾಗಿಯೇ ಇದೆ. ಪೂರ್ವ ದಿಕ್ಕಿನ ಖಾರಿಯು ಅಲೆಗಳ ಹೊಡೆತದಿಂದ ರಕ್ಷಿತವಾದ ಆಳವಾದ ಸಹಜ ಬಂದರು. ಅದರ ಎದುರು ದಡದಲ್ಲಿ 1989ರಲ್ಲಿ ನ್ಹಾವಾ ಶೇವಾ ಬಂದರು ಕಾರ್ಯಾರಂಭ ಮಾಡಿತು.

ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಚಾಚಿದ ಈ ಇಕ್ಕಟ್ಟಾದ ನೆಲದಲ್ಲಿ 2011ರ ಜನಗಣತಿಯಂತೆ ಸುಮಾರು 1.24 ಕೋಟಿ ಜನರಿದ್ದರು, ಅಂದರೆ ಚದರ ಕಿಲೋಮೀಟರಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು. ನಗರ ಅಗಲಕ್ಕೆ ಹರಡಲು ಸಮುದ್ರ ಬಿಡದು. ರಸ್ತೆ, ರೈಲು ಎಲ್ಲವೂ ಉದ್ದಕ್ಕೇ ಸಾಗಬೇಕು. ಆದ್ದರಿಂದ ಒಂದೆಡೆ ನೀರು ನಿಂತರೆ ಇಡೀ ಸಾಲು ನಿಲ್ಲುತ್ತದೆ. ಯಾದಗಿರಿಯಿಂದ ಸೊಲ್ಲಾಪುರ, ಪುಣೆ ಮಾರ್ಗವಾಗಿ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕೂಡ ಕಲ್ಯಾಣ ದಾಟಿದ ಮೇಲೆ, ಮಿಠಿ ನದಿಯ ಆಸುಪಾಸಿನ ಕುರ್ಲಾ, ಸಾಯನ್ ತಗ್ಗುಗಳನ್ನು ಹಾದೇ ನಗರ ಸೇರಬೇಕು.

ಮಳೆಯ ಮಾತು ಬೇರೆಯೇ. ನೈಋತ್ಯ ಮಾರುತವು ಅರಬ್ಬೀ ಸಮುದ್ರದಿಂದ ಹೊತ್ತು ತಂದ ತೇವವು ಸಹ್ಯಾದ್ರಿಗೆ ತಡೆದು ಮೇಲೇರಿ ಪಶ್ಚಿಮಕ್ಕೇ ಸುರಿಯುತ್ತದೆ. ಬೆಟ್ಟ ದಾಟಿ ಇಳಿಯುವ ಗಾಳಿ ಒಣಗಿರುತ್ತದೆ. ಮುಂಬಯಿಗೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ದಾಖಲಾಯಿತು. ಶಹಾಪುರ, ಸುರಪುರಗಳ ಇಡೀ ವರ್ಷದ ಸರಾಸರಿಗಿಂತ ಇದು ಅಧಿಕ. ಅದೇ ದಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್ ಮಾತ್ರ! ಒಂದು ಬಡಾವಣೆಯ ದಲಾಲಿ ದೂರವಾಣಿಯಲ್ಲಿ ಹೇಳುವ ಹವೆಯನ್ನು ಇಡೀ ನಗರದ ಹವೆಯೆಂದು ನಂಬಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಆ ದುರಂತದಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡರು.

ಸಮುದ್ರದ ಭರತವು ದಿನಕ್ಕೆರಡು ಬಾರಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ನಾಲ್ಕೂವರೆ ಮೀಟರ್ ಮೀರುವುದೂ ಉಂಟು. ಆಗ ಚರಂಡಿಗಳ ಬಾಯಿ ಕಡಲಿನ ಮಟ್ಟಕ್ಕಿಂತ ಕೆಳಗಾಗಿ, ಮಳೆನೀರು ಹೊರಹೋಗದೆ ಬೀದಿಗೇ ಮರಳುತ್ತದೆ. ಹಾಜಿ ಅಲಿ, ಇರ್ಲಾ ಮುಂತಾದೆಡೆ ಪಂಪುಮನೆಗಳನ್ನು ಕಟ್ಟಿರುವುದು ಇದೇ ಕಾರಣಕ್ಕೆ. ಆದರೂ ಭಾರಿ ಮಳೆಯೂ ಭರತವೂ ಒಟ್ಟಿಗೆ ಬಂದಾಗ ತಗ್ಗಿನ ಭಾಗಗಳಿಗೆ ಪೂರ್ಣ ರಕ್ಷಣೆ ದೊರೆಯುವುದಿಲ್ಲ.

ನೀರು ನುಗ್ಗದ ಗೋದಾಮಿಗೂ ತೇವ ನುಗ್ಗುತ್ತದೆ. ನಮ್ಮಲ್ಲಿ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿ ದಾಟಿದರೂ ಗಾಳಿ ಒಣದು. ಅಲ್ಲಿ ಮೂವತ್ತಮೂರು ಡಿಗ್ರಿಗೇ ಬೆವರು ಆರದು. ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಯ ಖರೀದಿಯಲ್ಲಿ ಶೇಕಡ 12ಕ್ಕಿಂತ ಹೆಚ್ಚು ತೇವಾಂಶದ ಹತ್ತಿಯನ್ನು ಒಪ್ಪುವುದಿಲ್ಲ. ಖಾಸಗಿ ಖರೀದಿದಾರರೂ ತೇವ ನೋಡಿಯೇ ಬೆಲೆ ಕಟ್ಟುತ್ತಾರೆ. ತೊಗರಿಗೆ ಬೂಷ್ಟು, ನುಸಿಗಳ ಭಯ. ನಮ್ಮ ತೊಗರಿ ಕೊಯ್ಲು ಡಿಸೆಂಬರ್–ಜನವರಿಯಲ್ಲಿ ಮುಗಿಯುವುದರಿಂದ, ಒಣ ಹವೆಯಲ್ಲೇ ಸಾಗಿಸಿ ಮಾರುವವರಿಗೆ ಈ ತೊಡಕಿಲ್ಲ. ಬೆಲೆ ಏರಲೆಂದು ಜುಲೈವರೆಗೆ ಕಾಯುವವರು ದಾಸ್ತಾನನ್ನು ವಾಶಿಯ ಗೋದಾಮಿನಲ್ಲಿಡುವ ಬದಲು ಯಾದಗಿರಿಯಲ್ಲೇ ಇಟ್ಟುಕೊಳ್ಳುವುದು ಲೇಸು. ಅನಿವಾರ್ಯವಾಗಿ ಮಳೆಗಾಲದಲ್ಲೇ ಲಾರಿ ಹೊರಟರೆ ತಾಡಪತ್ರಿ ಎರಡು ಪದರವಿರಲಿ, ಹೊರಡುವ ದಿನವನ್ನು ಭರತದ ವೇಳಾಪಟ್ಟಿ ನೋಡಿ ನಿಗದಿಪಡಿಸುವುದಾಗಲಿ. ಆ ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ.